ಕೇಳುಪುಸ್ತಕದ ಮೂರನೆಯ ವಾಕ್ಯ

ಧಡಲ್.

ಸೇತುವೆಯ ನಡುವೆ ಒಂದು ಕಬ್ಬಿಣದ ತಗಡು ಸಡಿಲವಾಗಿತ್ತು. ಯಾರ ಕಾಲು ಬಿದ್ದರೂ ಅದು ಹೀಗೆ ಒಂದು ಸಲ ಕೂಗಿ ಸುಮ್ಮನಾಗುತ್ತಿತ್ತು. ಹೊಳೆದಂಡೆಯ ಮೂರನೆಯ ಮನೆಯ ಅಡುಗೆಮನೆಯಲ್ಲಿ ನಿಂತು ಅವಳು ಅದನ್ನು ಎಣಿಸುವುದು ಹಳೆಯ ಅಭ್ಯಾಸ. ಬೆಳಿಗ್ಗೆ ಎರಡು ಸಲ ಕೂಗಿದರೆ ಕಾವಲಿನವರು ಪಾಳಿ ಬದಲಿಸಿದರು ಎಂದರ್ಥ. ಗುರುವಾರ ಮಾತ್ರ ಅದಕ್ಕೆ ಬಿಡುವಿರುತ್ತಿರಲಿಲ್ಲ. ಅಂದು ಸೇತುವೆ ಜನರಿಗೆ ತೆರೆಯುತ್ತಿತ್ತು; ಹೊಳೆಯಾಚೆಯ ದೇಶಕ್ಕೆ ಮದುವೆಯಾಗಿ ಹೋದ ಅಕ್ಕತಂಗಿಯರು ಸರದಿಯ ಚೀಟಿ ಹಿಡಿದು ಈ ದಡಕ್ಕೆ ಬಂದು, ತಗಡಿನ ಚಪ್ಪರದಡಿ ನಾಲ್ಕು ಗಂಟೆ ಕೂತು ಹೋಗಬಹುದಿತ್ತು.

ಇವತ್ತು ಮಂಗಳವಾರ. ತಗಡು ಏಳು ಸಲ ಕೂಗಿತು.

ಅವಳು ಒಲೆ ಸಣ್ಣದು ಮಾಡಿ ಹೊರಗೆ ಬಂದು, ಜಗುಲಿಯಲ್ಲಿ ಕೂತಿದ್ದ ಗಂಡನಿಗೆ ಏಳು ಬೆರಳು ತೋರಿಸಿದಳು. ಅವನು ಬೀಗ ರಿಪೇರಿಯವನು. ಕಿವಿ ಕೇಳಿಸದು. ಬೀಗದ ಒಳಗಿನ ಹಲ್ಲುಗಳು ಸರಿಯುವುದನ್ನು ಬೆರಳ ತುದಿಯಲ್ಲೇ ತಿಳಿಯುತ್ತಿದ್ದ, ಜನರ ಮಾತನ್ನು ತುಟಿಯ ಮೇಲೆ ಓದುತ್ತಿದ್ದ. ಆ ಮನೆಯ ಪಾಲಿನ ಕಿವಿಯೆಲ್ಲ ಹೆಂಡತಿಗೇ ಬಂತು ಎಂದು ಊರು ನಗುತ್ತಿತ್ತು.

"ಏಳು ಜನಾನಾ?" ಅಂದ ಅವನು, ಕೈಯಲ್ಲಿದ್ದ ಬೀಗ ಬಿಡದೆ. "ಹಾಗಾದ್ರೆ ಮುಚ್ಚೋಕೇ ಹೋಗಿರ್ತಾರೆ. ತೆಗೆಯೋ ಕೆಲಸಕ್ಕೆ ಒಬ್ಬ ಸಾಕು."

ಈ ಗುರುವಾರ ಅವಳ ಅಕ್ಕನ ಸರದಿ. ಹದಿನಾಲ್ಕು ತಿಂಗಳು ಕಾದ ಮೇಲೆ ಬಂದ ಸರದಿ. ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. 'ಬೆಳಕು ಇನ್ನೂ ಕಾಣುತ್ತದೆ, ಮುಖ ಹತ್ತಿರ ತಂದರೆ ಮುಖವೂ. ಮುಂದಿನ ಸರದಿಯ ಹೊತ್ತಿಗೆ ಏನೋ ಹೇಗೋ. ಈ ಸಲ ನಿನ್ನನ್ನು ಸರಿಯಾಗಿ ನೋಡಿಕೊಂಡುಬಿಡುತ್ತೇನೆ' ಎಂದು ಕಾಗದ ಬರೆಸಿದ್ದಳು. ಆ ಕಾಗದ ಅವಳ ರವಿಕೆಯಲ್ಲೇ ಇತ್ತು.

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಪತ್ರಿಕೆ ಬಿತ್ತು. ಸೇತುವೆಯ ಮೇಲೆ ಏಳು ಜನ ಯಾಕೆ ಹೋದರೆಂಬುದು ಮೊದಲ ಪುಟದಲ್ಲೇ ಇತ್ತು. ದಪ್ಪಕ್ಷರದಲ್ಲಿ: 'ಆಸ್ಪತ್ರೆ ಸುಟ್ಟರೂ ಸರಿಯಂತೆ! ಪಕ್ಕದ ದೇಶದ ರೇಡಿಯೊ ಮಾತು'. ಅದರ ಕೆಳಗೆ ಎರಡು ವಾಕ್ಯ. ಅದರ ಕೆಳಗೆ, ಮೂವತ್ತೊಂದು ವರ್ಷದಿಂದ ಅವಳ ರುಜುವಿನ ಬದಲು ಅಚ್ಚಾಗುವ ಒಂದೇ ಪದ: 'ಕೇಳಿದಂತೆ'.

ಅವಳು ಎರಡು ಸಲ ಓದಿದಳು. ಆಮೇಲೆ ಹಾಳೆ ತಿರುಗಿಸಿ ಹಿಂದೆ ಎಲ್ಲಾದರೂ ಮುಂದುವರಿದಿದೆಯೇ ಎಂದು ಹುಡುಕಿದಳು. ಇಲ್ಲ. ಅವಳು ಮೂರು ವಾಕ್ಯ ಬರೆದುಕೊಟ್ಟಿದ್ದಳು.

ಊರಿನಲ್ಲಿ ಅವಳಿಗೆ ಕಿವಿಯಕ್ಕ ಎಂದೇ ಹೆಸರು. ಪತ್ರಿಕೆಯ ಅಚ್ಚುಮನೆಯ ಮೇಲಿನ ಒಂದು ಕೋಣೆ ಅವಳದು. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದು ಕೆಳಗಿನ ಯಂತ್ರದ ಸದ್ದು ತಡೆದಿದ್ದರು. ಮೇಜಿನ ಮೇಲೆ ಒಂದು ರೇಡಿಯೊ, ಒಂದು ಕಿವಿಗೆ ಬಟ್ಟೆಪಟ್ಟಿ ಸುತ್ತಿದ ಹೆಡ್‌ಫೋನು, ಎರಡು ಪೆನ್ಸಿಲು. ಒಂದು ಬರೆಯುವಾಗ ಮೊಂಡಾದರೆ ಇನ್ನೊಂದು ಅವಳ ಜಡೆಯೊಳಗೆ ಸಿದ್ಧವಾಗಿರುತ್ತಿತ್ತು. ಹೊಳೆಯಾಚೆಯವರ ಭಾಷೆಯೂ ನಮ್ಮದೇ, ಸ್ವಲ್ಪ ಎಳೆದು ಆಡುತ್ತಾರೆ ಅಷ್ಟೆ. ಆದರೆ ಅವರ ರೇಡಿಯೊ ನಮಗೆ ಕೇಳಿಸಬಾರದೆಂದು ನಮ್ಮವರು, ನಮ್ಮದು ಅವರಿಗೆ ಕೇಳಿಸಬಾರದೆಂದು ಅವರು, ಗಾಳಿಯಲ್ಲಿ ಗೊರಗೊರ ಸದ್ದು ತುಂಬಿಸಿದ್ದರು. ಆ ಗೊರಗೊರದೊಳಗಿಂದ ಮಾತನ್ನು ಹೆಕ್ಕುವುದು ಅವಳ ಕೆಲಸ. ಸಂಜೆ ಏಳೂಮುಕ್ಕಾಲಿಗೆ ಅವರ ವಾರ್ತೆ, ಎಂಟಕ್ಕೆ ನಮ್ಮದು. ದೊಡ್ಡದೊಂದು ಪುಸ್ತಕದ ಬಲಪುಟದಲ್ಲಿ ಅವರದನ್ನೂ ಎಡಪುಟದಲ್ಲಿ ನಮ್ಮದನ್ನೂ ಕೇಳಿದ ಹಾಗೇ ಬರೆಯಬೇಕು. ಅದೇ ಕೇಳುಪುಸ್ತಕ. ಅದರಿಂದ ಬೇಕಾದ್ದನ್ನು ನಕಲು ಮಾಡಿ ಕೆಳಗೆ ಕಳಿಸಿದರೆ ಅವಳ ದಿನ ಮುಗಿಯಿತು.

ಬಾಗಿಲ ಮೇಲೆ ಒಂದು ಹಲಗೆ. ಪತ್ರಿಕೆ ಶುರುಮಾಡಿದ ಹಿರಿಯ ಸಂಪಾದಕರು, ಅಂದರೆ ಈಗಿನ ಸಂಪಾದಕನ ಅಪ್ಪ, ತಾವೇ ಬರೆಸಿದ್ದು: 'ಕೇಳಿದ್ದನ್ನು ಕೇಳಿದಷ್ಟೇ ಬರೆಯುವುದು. ಓದುಗರು ಯಾರೇ ಬಂದು ಕೇಳಿದರೂ ಪುಸ್ತಕ ತೋರಿಸುವುದು.' ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆಯೂ ಬಂದು ಕೇಳಿರಲಿಲ್ಲ.

ಆಚೆ ದಡದ ಪತ್ರಿಕೆಯಲ್ಲೂ ಇಂಥದೇ ಒಂದು ಕಿವಿ ಇದೆ ಎಂದು ಅವಳಿಗೆ ಗೊತ್ತಿತ್ತು. ಗಂಡೋ ಹೆಣ್ಣೋ ಗೊತ್ತಿಲ್ಲ. ಕಾವಲಿನವರ ಕೈಯಿಂದ ಕೈಗೆ ದಿನವೂ ಸೇತುವೆಯ ಮೇಲೆ ಸಾಬೂನು, ಗುಂಡಿ, ದಾರ ಬರುವಾಗ ಅವರ ಹಳೆಯ ಪತ್ರಿಕೆಯಲ್ಲಿ ಸುತ್ತಿ ಬರುತ್ತಿತ್ತು. ಅವಳು ಆ ಹಾಳೆಗಳನ್ನು ನೀವಿ ನೇರಮಾಡಿ ಓದುತ್ತಿದ್ದಳು. ನಮ್ಮ ರೇಡಿಯೊ ಹೇಳಿದ್ದನ್ನು ಆ ಕಿವಿ ಎಳ್ಳಷ್ಟೂ ಕೂಡಿಸದೆ ಕಳೆಯದೆ ಬರೆಯುತ್ತಿತ್ತು. ಒಮ್ಮೆ ನಮ್ಮ ವಾರ್ತೆ ಓದುವವನು ನಡುವೆ ಸೀನಿದ್ದ. ಆಚೆಯ ಪತ್ರಿಕೆಯಲ್ಲಿ ಮಂತ್ರಿಯ ಭಾಷಣದ ನಡುವೆ ಕಂಸದಲ್ಲಿ 'ಇಲ್ಲಿ ಸೀನು' ಎಂದು ಅಚ್ಚಾಗಿತ್ತು. ಅವಳು ಒಬ್ಬಳೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಅಂದಿನಿಂದ ತಾನೂ ಕೆಮ್ಮು, ಮೌನ ಎಲ್ಲವನ್ನೂ ಬರೆಯತೊಡಗಿದ್ದಳು. ಆ ಕಿವಿಯೂ ಕೊನೆಯಲ್ಲಿ 'ಕೇಳಿದಂತೆ' ಎಂದೇ ರುಜು ಹಾಕುತ್ತಿತ್ತು.

ಈಗ ಎರಡು ತಿಂಗಳಿಂದ ಎಲ್ಲೋ ದೂರದಲ್ಲಿ ಒಂದು ಯುದ್ಧ ನಡೆದಿತ್ತು. ಒಂದು ಬೆಟ್ಟದ ನಾಡು, ಒಂದು ಕಡಲ ನಾಡು. ಅವರ ಹೆಸರು ಇಲ್ಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಬೆಟ್ಟದವರು, ಕಡಲಿನವರು ಅಂದುಬಿಟ್ಟರು. ನಮ್ಮ ಸರಕಾರ ಮಧ್ಯಾಹ್ನ ಬೆಟ್ಟದವರ ಪರ ಎಂದಿತು. ಸಂಜೆಯೊಳಗೆ ಪಕ್ಕದ ದೇಶ ಕಡಲಿನವರ ಪರ ಎಂದಿತು. ಅಲ್ಲಿಗೆ ಮುಗಿಯಿತು. ಸಮುದ್ರವನ್ನೇ ಕಾಣದ ಊರು ಕಡಲಿನವರ ಮೇಲೆ ಹಲ್ಲು ಕಡಿಯತೊಡಗಿತು. ಬೆಟ್ಟದವರು ಒಂದು ಹಳ್ಳಿ ಗೆದ್ದರೆ ಇಲ್ಲಿ ಪಟಾಕಿ. ಸೋತರೆ ಹೊಳೆಯಾಚೆ ಪಟಾಕಿ. ಎರಡೂ ಅವಳ ಅಡುಗೆಮನೆಗೆ ಒಂದೇ ಥರ ಕೇಳಿಸುತ್ತಿತ್ತು.

ಸೋಮವಾರ ಸಂಜೆ ಆಚೆಯ ರೇಡಿಯೊ ಹೇಳಿದ್ದು ಇಷ್ಟು: ಕಡಲಿನವರ ಕ್ಷಿಪಣಿ ಬೆಟ್ಟದವರ ಒಂದು ಆಸ್ಪತ್ರೆಯ ಮೇಲೆ ಬಿದ್ದಿದೆ. ಆಸ್ಪತ್ರೆಯ ಹಿಂದೆ ಮದ್ದುಗುಂಡಿನ ಉಗ್ರಾಣವಿತ್ತು, ಹೊಡೆದದ್ದು ಸರಿ ಎಂದು ಕಡಲಿನ ಸೇನೆ ಹೇಳಿದೆ. ಏನೇ ಇರಲಿ, ಹಾಸಿಗೆ ಬಿಟ್ಟು ಏಳಲಾಗದೆ ಸತ್ತ ರೋಗಿಗಳಿಗಾಗಿ ಈ ದೇಶ ದುಃಖಿಸುತ್ತದೆ.

ಇದರ ಮುಂದೆ ಅವಳು ಕಂಸದಲ್ಲಿ 'ಇಲ್ಲಿ ಸ್ವಲ್ಪ ಮೌನ' ಎಂದು ಬರೆದಿದ್ದಳು.

ಆ ಮೂರನೆಯ ವಾಕ್ಯವೇ ಈಗ ಇರಲಿಲ್ಲ.

ಅವಳು ಅಚ್ಚುಮನೆಗೆ ಹೋದಾಗ ಸಂಪಾದಕ ಕುರ್ಚಿ ಹಿಂದಕ್ಕೆ ವಾಲಿಸಿ ಹಲ್ಲುಕಡ್ಡಿ ಆಡಿಸುತ್ತಿದ್ದ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು.

"ಜಾಗ ಸಾಲಲಿಲ್ಲ ಅಕ್ಕ."

"ಕೆಳಗೆ ಕುರ್ಚಿ ಅಂಗಡಿ ಜಾಹೀರಾತು ಇದೆ. ಅದರಲ್ಲಿ ಕುರ್ಚಿಯ ನಾಲ್ಕೂ ಕಾಲು ಬಂದಿದೆ."

"ಅದಕ್ಕೆ ದುಡ್ಡು ಕೊಟ್ಟಿದ್ದಾರೆ. ದುಃಖಕ್ಕೆ ಯಾರು ಕೊಡ್ತಾರೆ?" ಅವನು ನಕ್ಕ. ಅವಳು ನಗಲಿಲ್ಲ. ಅವನು ಕುರ್ಚಿ ಮುಂದಕ್ಕೆ ತಂದ. "ನೋಡು, ಅವರು ನಿಜವಾಗಿ ಅತ್ತರೋ, ಬಾಯಿ ಮಾತಿಗೆ ಅತ್ತರೋ, ಯಾರಿಗೆ ಗೊತ್ತು? ಅವರ ಅಳುವನ್ನ ನಾವ್ಯಾಕೆ ಹೊತ್ತುಕೊಂಡು ತಿರುಗಬೇಕು?"

"ಅತ್ತರು ಅಂತ ನಾನು ಬರೆದಿಲ್ಲ. ದುಃಖಿಸುತ್ತದೆ ಅಂದರು ಅಂತ ಬರೆದಿದೀನಿ. ನಾಳೆ ಆ ಒಂದು ವಾಕ್ಯ ಹಾಕಿಬಿಡಿ."

"ಆಗಲ್ಲ."

"ಸೇತುವೆ ಕಚೇರಿಯಿಂದ ಏಳು ಜನ ಹೋಗಿ ನೋಡಿಕೊಂಡು ಬಂದಿದ್ದಾರೆ. ಗಲಾಟೆಗೆ ಐವತ್ತು ಜನ ಸೇರಿದರೆ ಗುರುವಾರ ಗೇಟು ತೆಗೆಯಲ್ಲವಂತೆ."

"ನಿಮ್ಮಕ್ಕನ ಸರದಿ ಅಲ್ವಾ? ಗೊತ್ತು." ಅವನ ದನಿ ಸ್ವಲ್ಪ ಇಳಿಯಿತು. "ಆದರೂ ಆಗಲ್ಲ ಅಕ್ಕ. ಒಂದು ಸಲ ತಿದ್ದಿದರೆ ಇವರು ಆ ಕಡೆಯವರು ಅನ್ನಿಸಿಕೊಳ್ತೀವಿ."

ಅವಳು ತನ್ನ ಕೋಣೆಗೆ ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ಒಮ್ಮೆ ತಲೆಯೆತ್ತಿ ಆ ಹಲಗೆ ಓದಿದಳು. ಅದರಲ್ಲಿ ಅವಳಿಗೆ ಹೊಸದಾಗಿ ಕಂಡದ್ದು ಎಂದರೆ, ಪುಸ್ತಕ ತೋರಿಸುವ ಅಧಿಕಾರ ಅವಳದಲ್ಲ. ಕೇಳುವ ಅಧಿಕಾರ ಓದುಗನದು. ಅಂದರೆ ಯಾರಾದರೂ ಬಂದು ಕೇಳಬೇಕು. ಯಾರೋ ಒಬ್ಬ ಮೆತ್ತಗಿನವನು ಕೇಳಿದರೆ ಏನೂ ಆಗದು. ಎಲ್ಲರಿಗಿಂತ ದೊಡ್ಡ ಗಂಟಲಿನವನೇ ಬಂದು ಕೇಳಬೇಕು.

ಊರಿನಲ್ಲಿ ಅಂಥ ಗಂಟಲು ಕ್ಷೌರಿಕನದು. ಗುರುವಾರ ಸೇತುವೆಯ ಬಾಯಲ್ಲಿ ಕಪ್ಪು ಬಟ್ಟೆ ಹಿಡಿದು ನಿಲ್ಲೋಣ, ಆಚೆಯಿಂದ ಒಂದು ನೊಣವೂ ಬರಬಾರದು ಎಂದು ಬೆಳಿಗ್ಗೆಯಿಂದ ಕೂಗುತ್ತಿದ್ದವನೂ ಅವನೇ. ಅವನ ಅಂಗಡಿಯ ಹಿಂದಿನ ಗೋಡೆಯ ಮೇಲೆ ಯುದ್ಧದ ನಕಾಶೆ ಇತ್ತು, ಬೆಟ್ಟದವರು ಗೆದ್ದಲ್ಲೆಲ್ಲ ಗುಂಡುಪಿನ್ನು. ಗಿರಾಕಿಗಳು ಕುರ್ಚಿಯಲ್ಲಿ ಕೂತು ಎದುರಿನ ಕನ್ನಡಿಯಲ್ಲಿ ಅದನ್ನು ನೋಡುತ್ತಿದ್ದರು. ಹೀಗಾಗಿ ಎರಡು ತಿಂಗಳಿಂದ ಅರ್ಧ ಊರು ಕಡಲು ಬಲಕ್ಕಿದೆ, ಬೆಟ್ಟ ಎಡಕ್ಕಿದೆ ಎಂದೇ ನಂಬಿತ್ತು. ಇದ್ದದ್ದು ಅದರ ತಿರುಗುಮುರುಗು.

ಅವಳು ಒಳಗೆ ಕಾಲಿಟ್ಟಾಗ ಅವನು ಒಬ್ಬನ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ನೊರೆ ಹಚ್ಚುತ್ತಿದ್ದ.

"ಬಾ ಕಿವಿಯಕ್ಕ! ಇವತ್ತು ಒಳ್ಳೆ ಸುದ್ದಿ ಹಿಡಿದಿದ್ದೀಯ. ಆಸ್ಪತ್ರೆ ಸುಟ್ಟರೂ ಸರಿಯಂತೆ, ಕಟುಕರು!"

"ಪೂರ್ತಿ ಓದಿದ್ಯಾ?"

"ಇದ್ದಷ್ಟು ಓದಿದೆ."

"ಇರಬೇಕಾದಷ್ಟು ಇಲ್ಲ. ಇನ್ನೊಂದು ವಾಕ್ಯ ಇದೆ. ಪುಸ್ತಕದಲ್ಲಿದೆ. ನೀನು ಬಂದು ಕೇಳಿದರೆ ತೋರಿಸಬೇಕು ಅಂತ ಕಾನೂನು."

"ಏನು ವಾಕ್ಯ? ಇಲ್ಲೇ ಹೇಳು."

"ನಾನು ಹೇಳಿದರೆ ನನ್ನ ಮಾತಾಗುತ್ತೆ. ನೀನೇ ಬಂದು ಓದು."

ಕ್ಷೌರಿಕ ಕತ್ತಿ ಒರೆಸಿದ. "ಅಕ್ಕನ ಸರದಿ ತಪ್ಪುತ್ತೆ ಅಂತ ನನ್ನ ತಲೆಗೆ ಹುಳ ಬಿಡ್ತಿದ್ದೀಯ."

"ಹೌದು, ಅಕ್ಕನ ಸರದಿ ತಪ್ಪುತ್ತೆ. ಅದು ಬೇರೆ, ಇದು ಬೇರೆ. ಊರಿನ ಅರ್ಧ ಜನಕ್ಕೆ ನೀನು ಬೆಟ್ಟ ಯಾವುದು ಕಡಲು ಯಾವುದು ಅಂತ ಉಲ್ಟಾ ಹೇಳಿಕೊಟ್ಟಿದ್ದೀಯ, ನಾನು ಒಂದು ದಿನ ಅಂದಿದ್ದೀನಾ? ಓದೋಕೆ ಧೈರ್ಯ ಇಲ್ಲ ಅಂದರೆ ಹೇಳು, ಹೋಗ್ತೀನಿ."

"ಧೈರ್ಯ ಇಲ್ಲವಾ? ನನಗಾ?"

ಕುರ್ಚಿಯಲ್ಲಿದ್ದವನು ಒಂದು ಕೆನ್ನೆಯ ನೊರೆಯೊಳಗಿಂದ ಕಿಸಕ್ಕನೆ ನಕ್ಕ. ಅದು ಕ್ಷೌರಿಕನಿಗೆ ನಾಟಿತು. ಅಂಗಡಿಗೆ ಅಗಳಿ ಹಾಕದೆ ಹೊರಟೇಬಿಟ್ಟ. ನೊರೆಯವನೂ ಕೊರಳಿನ ಬಟ್ಟೆಯ ಸಮೇತ ಹಿಂದೆ ಬಂದ.

ಕಂಬಳಿ ಹೊಡೆದ ಕೋಣೆಯಲ್ಲಿ ಮೂವರಿಗೆ ಜಾಗ ಸಾಲದು. ಅವಳು ಕಪಾಟು ತೆಗೆದು ಪುಸ್ತಕವನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಂತಳು. ಕ್ಷೌರಿಕ ಬಲಪುಟ ಓದಿದ. ತುಟಿ ಅಲ್ಲಾಡುತ್ತಿತ್ತು. ಮೂರನೆಯ ವಾಕ್ಯಕ್ಕೆ ಬಂದಾಗ ನಿಂತಿತು.

"ಇದು ಅವರು ಹೇಳಿದ್ದಾ, ನೀನು ಬರೆದದ್ದಾ?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. "ಸೋಮವಾರ ನಮ್ಮ ವಾರ್ತೆ ಕೇಳಿದ್ದೀಯಲ್ಲ, ಅಂಗಡಿಯಲ್ಲಿ?"

"ಒಂದು ಅಕ್ಷರ ಬಿಟ್ಟಿಲ್ಲ."

"ಎಡಪುಟ ಓದು. ಅದು ನೀನು ಕೇಳಿದ ಹಾಗೇ ಇದ್ದರೆ, ಬಲಪುಟವೂ ನಾನು ಕೇಳಿದ ಹಾಗೇ ಇದೆ."

ಅವನು ಈ ಸಲ ದನಿಯೆತ್ತಿ ಓದಿದ. ಬೆಟ್ಟದವರ ಗುಂಡಿಗೆ ಕಡಲಿನವರ ಒಂದು ಶಾಲೆ ಸುಟ್ಟಿದೆ. ಶಾಲೆಯಲ್ಲಿ ಸೈನಿಕರು ಅಡಗಿದ್ದರು, ಹೊಡೆದದ್ದು ಸರಿ ಎಂದು ಬೆಟ್ಟದ ಸೇನೆ ಹೇಳಿದೆ. ಮಕ್ಕಳ ಸಾವಿಗೆ ಈ ದೇಶ ಮರುಗುತ್ತದೆ.

"ಹೀಗೇ ಅಂದ," ಅಂದ ನೊರೆಯವನು. "ಕೊನೆಗೆ ಗಂಟಲು ಸರಿಮಾಡಿಕೊಂಡ. ನೋಡು, ಅದನ್ನೂ ಬರೆದಿದ್ದಾಳೆ."

ಬಾಗಿಲಲ್ಲಿ ಸಂಪಾದಕ ನಿಂತಿದ್ದ. "ಯಾರು ಪುಸ್ತಕ ಕೇಳಿದ್ದು?"

"ಓದುಗ," ಅಂದ ಕ್ಷೌರಿಕ, ಪುಟದಿಂದ ಕಣ್ಣು ಕೀಳದೆ.

"ನೀನು ಯಾವತ್ತು ಪೇಪರ್ ತಗೊಂಡಿದ್ದೀಯಪ್ಪ? ಪಕ್ಕದ ಅಂಗಡಿಯದು ತಾನೇ ಓದೋದು?"

"ಕೊಂಡವರು ಅಂತ ಬರೆದಿಲ್ಲ ಸ್ವಾಮಿ. ಓದುಗರು ಅಂತ ಬರೆಸಿದ್ದಾರೆ ನಿಮ್ಮಪ್ಪ."

ಸಂಪಾದಕ ಹಲಗೆಯ ಕಡೆ ನೋಡಿದ. ಅಪ್ಪ ಬರೆಸಿದ್ದನ್ನು ಪೂರ್ತಿ ಓದಿದ. ಕೆಳಗೆ ಹೋದ.

ಕ್ಷೌರಿಕ ಪುಸ್ತಕ ಮುಚ್ಚಲಿಲ್ಲ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ನೋಡಿದ. ಆಮೇಲೆ ಮುಖ ಗಂಟಿಕ್ಕಿ, "ಹಿಂಗಾದರೆ ನಾನು ಗುರುವಾರ ಅಂಗಡಿ ಮುಚ್ಚೋದು ಯಾತಕ್ಕೆ? ಅಕ್ಕತಂಗಿಯರನ್ನ ನೋಡೋಕೆ ಬರೋ ಗಂಡಸರೆಲ್ಲ ನನ್ನ ಹತ್ತಿರಾನೇ ಗಡ್ಡ ಮಾಡಿಸಿಕೊಳ್ಳೋದು," ಅಂದ. ಸೋಲೊಪ್ಪಿಕೊಳ್ಳುವುದಕ್ಕೆ ಅವನಿಗೆ ಅದಕ್ಕಿಂತ ಒಳ್ಳೆಯ ದಾರಿ ಸಿಕ್ಕಿರಲಿಕ್ಕಿಲ್ಲ. ಹೊರಡುವ ಮೊದಲು ಎರಡೂ ಪುಟದ ನಕಲು ಬರೆಸಿಕೊಂಡ. ಸಂಜೆಯ ಹೊತ್ತಿಗೆ ಅದು ಅವನ ಅಂಗಡಿಯಲ್ಲಿ ನಕಾಶೆಯ ಮೇಲೇ ಅಂಟಿತ್ತು. ಕನ್ನಡಿಯಲ್ಲಿ ಅಕ್ಷರ ತಿರುಗುಮುರುಗಾಗಿ ಕಾಣುತ್ತಿದ್ದುದರಿಂದ, ಓದಬೇಕೆಂದವರು ಕತ್ತು ತಿರುಗಿಸಲೇಬೇಕಿತ್ತು.

ಬುಧವಾರ ಅವಳು ಅಕ್ಕನಿಗೆಂದು ಚಪ್ಪರದಡಿ ಹಾಸುವ ಚಾಪೆ ಕೊಡವಿ, ಸಾಬೂನು ತರಲು ಹೋದಳು. ಸಾಬೂನು ಮಂಗಳವಾರದ ಆಚೆ ದಡದ ಪತ್ರಿಕೆಯಲ್ಲಿ ಸುತ್ತಿ ಬಂದಿತ್ತು. ದಾರಿಯಲ್ಲೇ ಬಿಚ್ಚಿ ನೀವಿದಳು. ಒದ್ದೆಯ ವಾಸನೆಯ ಆ ಹಾಳೆಯಲ್ಲಿ ದಪ್ಪಕ್ಷರ: 'ಮಕ್ಕಳು ಸತ್ತರೂ ಸರಿಯಂತೆ! ಶತ್ರು ರೇಡಿಯೊ ಮಾತು'. ಕೆಳಗೆ ಎರಡೇ ವಾಕ್ಯ. ನಮ್ಮವರು ಮರುಗಿದ್ದು ಅಲ್ಲಿಲ್ಲ.

ಅವಳು ಬೀದಿಯ ನಡುವೆ ನಿಂತಳು. ನಮ್ಮ ಕಡೆಯ ಜನವನ್ನು ತಡೆದು ಬಂದೆನೆಂದು ಸಮಾಧಾನ ಪಟ್ಟಿದ್ದಳಲ್ಲ, ಸೇತುವೆಗೆ ಎರಡು ಬಾಯಿ ಇದ್ದದ್ದೇ ಮರೆತುಹೋಗಿತ್ತು.

ಆಮೇಲೆ ಇನ್ನೊಂದು ಕಂಡಿತು. ಕೊನೆಯಲ್ಲಿ 'ಕೇಳಿದಂತೆ' ಇರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಅಳಿಸಿದ ಗುರುತೂ ಇಲ್ಲ. ಅಂದರೆ ಆ ಕಿವಿ ಕೊಟ್ಟಿಲ್ಲ. ಕತ್ತರಿಸಿದ ಮಾತಿಗೆ ತನ್ನ ರುಜು ಬೇಡ ಎಂದು ಕೂತು ಕಾದು ಹೇಳಿ ಹೋಗಿದೆ. ತಾನೋ ಸೋಮವಾರ ನಕಲು ಕೆಳಗೆ ಕಳಿಸಿ, ಪೆನ್ಸಿಲು ಜಡೆಗೆ ಸಿಕ್ಕಿಸಿಕೊಂಡು ಮನೆಗೆ ಬಂದು ಉಂಡು ಮಲಗಿದ್ದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳಿಗೆ ಆ ಕಾಣದ ಮನುಷ್ಯನ ಎದುರು ನಾಚಿಕೆಯಾಯಿತು.

ಅವಳು ಮನೆಗೆ ಹೋಗಲಿಲ್ಲ. ಕೋಣೆಗೆ ಹೋಗಿ ಎಡಪುಟವನ್ನು ದೊಡ್ಡ ಹಾಳೆಯೊಂದಕ್ಕೆ ಇಳಿಸಿದಳು. ಸೇತುವೆಯ ಆ ತುದಿಯಿಂದಲೂ ಓದಲು ಬರಬೇಕು, ಅಷ್ಟು ದಪ್ಪ. ಎರಡು ಪೆನ್ಸಿಲೂ ಸವೆದವು. ಸಂಪಾದಕ ಒಮ್ಮೆ ಇಣುಕಿ, ಏನೂ ಕೇಳದೆ, ಅಚ್ಚಿನ ಮಸಿಯ ಕುಂಚವೊಂದನ್ನು ಮೇಜಿನ ತುದಿಯಲ್ಲಿಟ್ಟು ಹೋದ.

ಗುರುವಾರ ನಮ್ಮ ದಡದಲ್ಲಿ ಕಪ್ಪು ಬಟ್ಟೆ ಒಂದೂ ಇರಲಿಲ್ಲ. ಕ್ಷೌರಿಕ ಸೇತುವೆಯ ಬಳಿಯ ಮರದಡಿ ಕುರ್ಚಿ ಹಾಕಿ ಕತ್ತಿ ಮಸೆಯುತ್ತಿದ್ದ. ಗೇಟು ತೆರೆದಿತ್ತು. ಆದರೆ ತಗಡು ಕೂಗಲಿಲ್ಲ. ಆಚೆಯ ಬಾಯಲ್ಲಿ ಜನ ಒತ್ತಾಗಿ ನಿಂತಿದ್ದರು, ಕೈಯಲ್ಲಿ ಕಪ್ಪು ಬಟ್ಟೆ. ಅವರ ಹಿಂದೆ, ಸರದಿಯವರ ಸಾಲಿನಲ್ಲಿ ಒಂದು ಬಿಳಿ ತಲೆ, ಒಂದು ಕೋಲು. ಅಷ್ಟು ದೂರದಿಂದಲೂ ಅಕ್ಕನ ಕತ್ತು ವಾಲುವ ರೀತಿ ಅವಳಿಗೆ ತಿಳಿಯಿತು. ಬೆಳಕು ಬರುವ ಕಡೆ ಮುಖ ಮಾಡಿ ನಿಂತಿದ್ದಳು.

"ಅವರೇ ಬಿಡ್ತಿಲ್ಲ, ನಾವೇನು ಮಾಡೋಣ?" ಅಂದ ಗೇಟಿನ ಗುಮಾಸ್ತ. "ಇನ್ನು ಅರ್ಧ ಗಂಟೆ ನೋಡಿ ಮುಚ್ಚಿಬಿಡ್ತೀವಿ."

"ನಾನು ಹೋಗಿ ಕರ್ಕೊಂಡು ಬರ್ತೀನಿ."

"ಚೀಟಿ ಅವರದು ಅಮ್ಮ, ನಿಮ್ಮದಲ್ಲ."

"ಚೀಟಿಯ ಹಿಂದೆ ಓದಿ. ಕಣ್ಣು ಕಾಣದವರನ್ನ ಎದುರುಗೊಳ್ಳೋಕೆ ಮನೆಯವರು ಒಬ್ಬರು ಹಳದಿ ಗೆರೆವರೆಗೆ ಹೋಗಬಹುದು."

ಗುಮಾಸ್ತ ತನ್ನ ಬಳಿಯಿದ್ದ ಚೀಟಿಯೊಂದನ್ನು ತಿರುಗಿಸಿ ಓದಿದ. ಇಷ್ಟು ವರ್ಷ ಅದನ್ನು ತಿರುಗಿಸಿದ್ದೇ ಇಲ್ಲವೇನೋ, ಎರಡು ಸಲ ಓದಿದ. "ಗೆರೆ ಸೇತುವೆಯ ನಡುವೆ ಇದೆ. ಅದನ್ನ ದಾಟಂಗಿಲ್ಲ."

"ದಾಟೋ ಕೆಲಸ ನನ್ನದಲ್ಲ."

ಗಂಡ ಕಂಬಿ ಹಿಡಿದು ನಿಂತಿದ್ದ. ಅವಳು ಹಾಳೆಯ ಸುರುಳಿ ಬಿಚ್ಚುವುದನ್ನು ನೋಡಿದ. ಅವಳ ಜೀವಮಾನವೆಲ್ಲ ಕೇಳುವುದರಲ್ಲೇ ಕಳೆದಿತ್ತು. ನಾಲ್ಕು ಜನರ ಎದುರು ದನಿಯೆತ್ತಿದ್ದನ್ನು ಅವನೂ ಕಂಡವನಲ್ಲ.

"ಅಷ್ಟು ಜನರಿಗೆ ಏನು ಹೇಳ್ತೀಯ?" ಅಂದ.

ಅವನು ಓದಿಕೊಳ್ಳಲಿ ಎಂದು ಅವಳು ಮುಖವನ್ನು ಅವನತ್ತ ಮಾಡಿ, ತುಟಿ ಬಿಡಿಸಿ ಬಿಡಿಸಿ ಹೇಳಿದಳು. "ಕೇಳಿದ್ದನ್ನ ಕೇಳಿದಷ್ಟೇ. ಮೊದಲು ಶಾಲೆ ಸುಟ್ಟಿದ್ದು ಹೇಳ್ತೀನಿ. ಮುಚ್ಚಿಡೋಕಾಗಲ್ಲ. ಆಮೇಲೆ ಸೇನೆಯವರು ಸರಿ ಅಂದಿದ್ದು. ಕಲ್ಲು ಬಿದ್ದರೆ ಆ ಮಾತಿಗೇ ಬೀಳುತ್ತೆ. ಅದಾದ ಮೇಲೆ, ಅದಾದ ಮೇಲೆ ನಮ್ಮವರೂ…"

ಹಾಳೆಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಅವಳು ಅಷ್ಟರಲ್ಲೇ ತಿರುಗಿದ್ದಳು. ಉಳಿದದ್ದು ಅವನಿಗೆ ಕಾಣುವಂತಿರಲಿಲ್ಲ. "…ನಮ್ಮವರೂ ಆ ಮಕ್ಕಳಿಗೆ," ಎನ್ನುತ್ತ ಸೇತುವೆಯ ಮೇಲೆ ನಡೆದಳು, "ಆ ಮಕ್ಕಳಿಗೆ…"

ಧಡಲ್.